ಒಂದು ಗೇಣು ಆಚೆ

ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ಬಸ್ಸು ಸುಗ್ಗಿಯಲ್ಲಿ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ರಸ್ತೆಯ ಅರ್ಧಕ್ಕೆ ರಾಗಿ ತೆನೆ ಹರಡಿರುತ್ತದೆ. ಬಸ್ಸು ಅದರ ಮೇಲೆ ಹೋದರೆ ಕಾಳು ಉದುರುತ್ತದೆ ಎಂಬುದು ಹರಡಿದವರ ಲೆಕ್ಕ, ಚಕ್ರ ಜಾರುತ್ತದೆ ಎಂಬುದು ಡ್ರೈವರನ ಲೆಕ್ಕ. ಇಬ್ಬರೂ ಜಗಳವಾಡಿ ಮುಗಿಸುವವರೆಗೆ ನಾವು ಒಳಗೆ ಕೂತಿರುತ್ತೇವೆ. ಹೋದ ಶನಿವಾರ ಹಾಗೆ ಕೂತಿದ್ದಾಗ ಕಿಟಕಿಯಿಂದ ನುಗ್ಗಾದ ಹುಲ್ಲಿನ ವಾಸನೆ, ಅದರ ಹಿಂದೆಯೇ ಯಾರೋ ಆಗಷ್ಟೇ ಸಾರಿಸಿದ ನೆಲದ ಹಸಿ ಸಗಣಿಯ ವಾಸನೆ ಬಂತು. ನನ್ನ ಬಲಭುಜ ತಾನಾಗಿ ಬಿಗಿಯಿತು. ವಾಸನೆ ಬಂದದ್ದು ಮೂಗಿಗೆ, ಭುಜಕ್ಕೇನು ಕೆಲಸ ಎಂದು ನನಗೇ ರೇಗಿತು.

ಪಕ್ಕದಲ್ಲಿದ್ದ ಹೆಂಗಸು ಆಗಿನಿಂದ ನನ್ನನ್ನೇ ನೋಡುತ್ತಿದ್ದಳು.

“ನೀನು ಟೆನ್ನಿಸ್ ಆಡ್ತಿದ್ದ ಉಡ್ಗಿ ಅಲ್ವಾ? ಮಾರ್ಕರ್ ಚಿನ್ನಪ್ಪನ ಮಗಳು?”

ಹೌದೆಂದೆ.

“ಈಗ ಆಡಲ್ವಾ?”

“ಇಲ್ಲ. ಕಾಲೇಜಲ್ಲಿ ಪಾಠ ಮಾಡ್ತೀನಿ.”

“ಯಾಕಮ್ಮ ಬಿಟ್ಟೆ? ಪೇಪರ್ನಾಗೆಲ್ಲ ನಿನ್ ಫೋಟ ಬಂದಿತ್ತು.”

“ಭುಜ ನೋವು.”

“ಅಯ್ಯೋ, ಅಷ್ಟಕ್ಕಾ? ನಮ್ಮೂರಾಗೆ ಒಬ್ರು ಎಣ್ಣೆ ಆಕಿ ನೀವ್ತಾರೆ. ಮೂರೇ ದಿನ.”

ಈ ಉತ್ತರವನ್ನು ನಾನು ಎಲ್ಲರಿಗೂ ಕೊಡುತ್ತೇನೆ, ಎಲ್ಲರೂ ಎಣ್ಣೆ ಹೇಳುತ್ತಾರೆ. ಭುಜ ನೋವು ಸುಳ್ಳಲ್ಲ. ಆದರೆ ಅದು ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಒಂದು ರಾಗಿ ಸುಗ್ಗಿಯನ್ನು ಪೂರ್ತಿ ಹೇಳಬೇಕಾಗುತ್ತದೆ. ಬಸ್ಸಿನಲ್ಲಿ ಅದನ್ನು ಯಾರಿಗೆ ಹೇಳುವುದು?

ಅಪ್ಪ ಕೆಜಿಎಫ್‌ನ ನಂದಿದುರ್ಗ ಗಣಿಯ ಅಧಿಕಾರಿಗಳ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದ. ಸಾಹೇಬರಿಗೆ ಆಟಕ್ಕೆ ಜೊತೆ ಸಿಗದಿದ್ದರೆ ತಾನು ರ‍್ಯಾಕೆಟ್ ಹಿಡಿಯುವುದು, ಉಳಿದ ಹೊತ್ತು ಕೋರ್ಟ್ ಗುಡಿಸಿ ಗೆರೆ ಬಳಿಯುವುದು ಅವನ ಕೆಲಸ. ಗಣಿ ಮುಚ್ಚಿದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಕ್ಲಬ್ಬೂ ಮುಚ್ಚಿತು. ಅಪ್ಪ ಅಲ್ಲಿಂದ ಒಂದು ಹಳೆಯ ನೆಟ್ಟು, ಟ್ರಾಲಿ ಹಳಿಗೆ ಹೊಡೆಯುವ ದಪ್ಪ ಮೊಳೆಗಳ ಒಂದು ಚೀಲ, ಮತ್ತು ಕ್ಲಬ್ಬಿನಲ್ಲಿ ಆಡಿದ್ದೇ ಆಟ ಎಂಬ ನಂಬಿಕೆ ಇಷ್ಟನ್ನು ಹೊತ್ತುಕೊಂಡು ಬೂದಿಕೋಟೆಯ ಪಕ್ಕದ ಅಮ್ಮನ ಊರಿಗೆ ಬಂದ.

ಅಲ್ಲಿ ಅಮ್ಮನಿಗೂ ಅವಳ ಅಕ್ಕ ನಾರಾಯಣಮ್ಮ ದೊಡ್ಡಮ್ಮನಿಗೂ ಸೇರಿದ ದೊಡ್ಡ ಕಣವೊಂದಿತ್ತು. ಸುಗ್ಗಿ ಬಿಟ್ಟರೆ ಉಳಿದ ಕಾಲ ಖಾಲಿ. ಅಪ್ಪ ಅದಕ್ಕೆ ಹುತ್ತದ ಮಣ್ಣು ಹೊಡೆದು, ರಾಗಿ ಒಕ್ಕುವ ಗುಂಡುಕಲ್ಲನ್ನೇ ಉರುಳಿಸಿ, ಮೇಲೆ ಸಗಣಿ ಸಾರಿಸಿದ. ಗೆರೆಗಳು ಕೂಡುವ ಕಡೆಯೆಲ್ಲ ಮೊಳೆ ಹೊಡೆದು ಸುಣ್ಣ ಎಳೆದ. ನಾನು ಟೆನಿಸ್ ಕಲಿತದ್ದು ಆ ಕಣದಲ್ಲಿ. ಇದನ್ನು ಒಮ್ಮೆ ಪತ್ರಿಕೆಯವರಿಗೆ ಹೇಳಿದ್ದಕ್ಕೆ ‘ಸಗಣಿ ನೆಲದ ರಾಣಿ’ ಎಂದು ಬರೆದರು. ಆಮೇಲೆ ನಾನು ಪತ್ರಿಕೆಯವರಿಗೆ ಏನನ್ನೂ ಹೇಳಿಲ್ಲ.

ಊರಿನವರೆಲ್ಲ ರಾಗಿಯನ್ನು ಟಾರ್ ರಸ್ತೆಗೆ ಹಾಕಲು ಶುರು ಮಾಡಿದರೂ ದೊಡ್ಡಮ್ಮ ಒಪ್ಪಲಿಲ್ಲ. ರಸ್ತೆಯ ರಾಗಿಯಲ್ಲಿ ಮುದ್ದೆ ಮಾಡಿದರೆ ಹಲ್ಲಿಗೆ ಕಲ್ಲು ಸಿಗುತ್ತದೆ ಎಂದು ಪ್ರತಿ ಸುಗ್ಗಿಗೂ ಕಣವನ್ನು ವಾಪಸ್ ಕೇಳುತ್ತಿದ್ದಳು. ಆಗ ಗೆರೆ, ಮೊಳೆ ಎಲ್ಲದರ ಮೇಲೂ ಹೊಸ ಸಗಣಿ ಕೂರುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಅಪ್ಪ ನೆಲ ಕೆರೆದು ಮೊಳೆಗಳನ್ನು ಹುಡುಕಿ, ಅವುಗಳ ಗುರುತಿಗೇ ಮತ್ತೆ ಸುಣ್ಣ ಎಳೆಯುತ್ತಿದ್ದ.

ಹನ್ನೆರಡಕ್ಕೆ ನಾನು ಬೆಂಗಳೂರಿನ ಅಕಾಡೆಮಿ ಸೇರಿದೆ, ಹದಿನೇಳಕ್ಕೆ ವೃತ್ತಿಪರ ಆಟಗಾರ್ತಿಯಾದೆ. ವೃತ್ತಿಪರ ಎನ್ನುವ ಪದ ಕೇಳಿ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ನನ್ನ ಮಟ್ಟದಲ್ಲಿ ಅದರ ಅರ್ಥ ರೈಲಿನಲ್ಲಿ ನಿದ್ದೆ, ಹಂಚಿಕೊಂಡ ಲಾಡ್ಜ್ ರೂಮು, ಸ್ನಾನದ ಬಕೆಟ್ಟಿನಲ್ಲಿ ಒಗೆದ ಸಾಕ್ಸು, ಅರ್ಹತಾ ಸುತ್ತಿನಲ್ಲಿ ಸೋತು ಅದೇ ಸಂಜೆ ವಾಪಸ್. ಗೆದ್ದದ್ದೂ ಉಂಟು. ರ‍್ಯಾಂಕಿಂಗ್ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಲು ತಾಳ್ಮೆ ಬೇಕಿತ್ತು, ಆದರೆ ಹೆಸರು ಇತ್ತು. ಈ ನಡುವೆ ಸಂಖ್ಯಾಶಾಸ್ತ್ರದಲ್ಲಿ ಡಿಗ್ರಿಯನ್ನೂ ಮುಗಿಸಿದೆ. ಆಟದಲ್ಲಿ ನನಗಿಂತ ಒಳ್ಳೆಯವರು ಬಹಳ ಜನ ಇದ್ದಾರೆ ಎಂಬುದನ್ನು ಲೆಕ್ಕ ಹಾಕಲು ಅದು ನೆರವಾಯಿತು.

ನನ್ನ ಸರ್ವ್ ಬಗ್ಗೆ ಎಲ್ಲರದೂ ಒಂದೇ ದೂರು. ಸರ್ವ್ ಎಂದರೆ ಆಟ ಶುರು ಮಾಡುವ ಹೊಡೆತ. ಚೆಂಡು ನೆಟ್ ದಾಟಿ ಎದುರಿನ ಚೌಕದೊಳಗೆ ಬೀಳಬೇಕು, ಎರಡು ಸಲ ಹೊರಗೆ ಬಿದ್ದರೆ ಪಾಯಿಂಟ್ ಹೋಯಿತು. ಸಾಧಾರಣ ಹೊತ್ತಿನಲ್ಲಿ ಒಳಗೇ ಹಾಕುತ್ತಿದ್ದೆ. ಪಂದ್ಯ ಬಿಗಿಯಾದಾಗ ಮಾತ್ರ ಚೆಂಡು ಚೌಕದ ಹಿಂದಿನ ಗೆರೆ ದಾಟಿ ಒಂದು ಗೇಣು ಆಚೆ ಬೀಳುತ್ತಿತ್ತು. ಕೋಚ್ ನನ್ನ ಹಿಡಿತ ಬದಲಿಸಿದರು, ಕಾಲಿಡುವ ಜಾಗ ಬದಲಿಸಿದರು, ಕೊನೆಗೆ ತೋಳಿನ ತಿರುವನ್ನೇ ಬದಲಿಸಿದರು. ಹೊಸ ತಿರುವಿಗೆ ಭುಜ ಒಪ್ಪಲಿಲ್ಲ. ರಜೆಗೆ ಊರಿಗೆ ಬಂದು ಕಣದಲ್ಲಿ ಆಡಿದರೆ ಒಂದೂ ಹೊರಗೆ ಬೀಳುತ್ತಿರಲಿಲ್ಲ. ಅಪ್ಪನಿಗೆ ಹೆಮ್ಮೆ.

“ನೋಡ್ದಾ? ಎಲ್ಲಾ ಒಳ್ಗೆ. ಆ ಬೆಂಗ್ಳೂರ್ ನೀರು ನಿಂಗಾಗಲ್ಲ ಪಾಪ.”

ನನಗೆ ಎಷ್ಟು ವಯಸ್ಸಾದರೂ ಅವನಿಗೆ ನಾನು ಪಾಪನೇ.

ನಾನು ಹೇಳುತ್ತಿರುವ ಸುಗ್ಗಿಯ ಹೊತ್ತಿಗೆ ಭುಜಕ್ಕೆ ಎರಡನೆಯ ಸಲ ಚಿಕಿತ್ಸೆಯಾಗಿತ್ತು. ಸಂಕ್ರಾಂತಿ ಕಳೆದ ಕೂಡಲೇ ಬೆಂಗಳೂರಿನಲ್ಲಿ ಒಂದು ಟೂರ್ನಿ, ಅದರ ಅರ್ಹತಾ ಸುತ್ತಿನಲ್ಲಿ ನನಗೆ ಜಾಗ ಸಿಕ್ಕಿತ್ತು. ಅಲ್ಲಿಂದ ಮುಖ್ಯ ಸುತ್ತಿಗೆ ಹೋಗದಿದ್ದರೆ ಪಟ್ಟಿಯಿಂದ ಹೆಸರು ಬಿದ್ದುಹೋಗುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುವಂಥ ಭುಜ ನನಗೆ ಉಳಿದಿರಲಿಲ್ಲ. ದಿನಾ ಸ್ವಲ್ಪ ಸ್ವಲ್ಪ ಸರ್ವ್ ಮಾಡು ಎಂದರು ಡಾಕ್ಟರು. ಯಾರ ಕಣ್ಣಿಗೂ ಬೀಳದೆ ಅದನ್ನು ಮಾಡಲು ಊರೇ ಸರಿ ಎಂದುಕೊಂಡು ಬಂದೆ. ಬಂದು ನೋಡಿದರೆ ಕೋರ್ಟಿನ ನಡುವೆ ದೊಡ್ಡಮ್ಮ ಸಗಣಿ ಬಕೆಟ್ಟು ಹಿಡಿದು ನಿಂತಿದ್ದಳು.

“ದೊಡ್ಡಮ್ಮ, ನನಗೆ ಸಂಕ್ರಾಂತಿವರೆಗೆ ಕೋರ್ಟ್ ಬೇಕು.”

“ನಂಗೂ ಸಂಕ್ರಾಂತಿಗಂಟ ಕಣ ಬೇಕು.”

“ಈ ಒಂದು ವರ್ಷ ರಸ್ತೆಗೆ ಹಾಕಿಬಿಡಿ.”

“ರಸ್ತೇಲಿ ಪೋಲೀಸ್ನೋರು ಬೈತಾವ್ರೆ. ಓದ್ ವಾರ ಯಾವನೋ ಬೈಕ್ನಾಗೆ ಜಾರ್ಬಿಟ್ಟು ಎರಡಲ್ಲು ಉದುರ್ಸ್ಕೊಂಡ. ಮ್ಯಾಲೆ, ನಿನ್ ಚೆಂಡ್ನ ಬೇಯ್ಸಿ ಉಣ್ಣಕಾಗ್ತದಾ?”

ಅಪ್ಪ ನಡುವೆ ನಿಂತು ತೀರ್ಪು ಕೊಟ್ಟ: ನೆಟ್ಟಿನ ಈ ಕಡೆ ರಾಗಿ, ಆ ಕಡೆ ಟೆನಿಸ್. ನಾನು ರಾಗಿ ಮೆದೆಯ ಪಕ್ಕದ ಸಂದಿಯಲ್ಲಿ ನಿಂತು ಖಾಲಿ ಅರ್ಧಕ್ಕೆ ಸರ್ವ್ ಮಾಡಬೇಕು. ತೀರ್ಪಿನಲ್ಲಿ ಒಂದೇ ತೊಂದರೆ, ದೊಡ್ಡಮ್ಮನ ಸಾರಿಸುವ ಕೈಗೆ ನೆಟ್ಟು ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಅರ್ಧದ ಗೆರೆಗಳೂ ಸಗಣಿಯಡಿ ಹೋಗಿದ್ದವು.

“ಕೈ ತಿರುಗ್ತು, ಸಾರ್ಸ್ದೆ. ನಿಂಗೂ ತಂಪಾಗಿರ್ಲಿ,” ಎಂದಳು.

ಅಪ್ಪ ಹಾಲು ಹಾಕಲು ಡೇರಿಗೆ ಹೋಗಿದ್ದ. ಕಾಯುವ ಸಹನೆ ನನಗಿರಲಿಲ್ಲ. ನೆಟ್ಟಿನ ಎತ್ತರ ನೋಡಲು ಕಿಟ್‌ನಲ್ಲಿ ಸ್ಟೀಲ್ ಟೇಪ್ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಅದನ್ನು ತೆಗೆದು ನಾನೇ ಅಳೆಯತೊಡಗಿದೆ. ನೆಟ್ಟಿನಿಂದ ಚೌಕದ ಹಿಂದಿನ ಗೆರೆಗೆ ಇಪ್ಪತ್ತೊಂದು ಅಡಿ, ಎಲ್ಲ ದೇಶಗಳ ಎಲ್ಲ ಕೋರ್ಟುಗಳಲ್ಲೂ ಅಷ್ಟೇ. ಸಗಣಿ ಕೆರೆದೆ. ಮೊಳೆ ಅಲ್ಲಿರಲಿಲ್ಲ. ಒಂದು ಗೇಣು ಆಚೆ ಇತ್ತು.

ಮತ್ತೆ ಅಳೆದೆ. ಉಳಿದ ಗೆರೆಗಳ ಮೊಳೆಗಳನ್ನೆಲ್ಲ ಅಳೆದೆ. ಅವೆಲ್ಲ ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ತಪ್ಪಿದ್ದು ಈ ಗೆರೆಯೊಂದೇ. ನನ್ನ ತೋಳನ್ನು ಬಿಚ್ಚಿ ಜೋಡಿಸಿದವರ ಮುಖಗಳು ಒಂದಾದ ಮೇಲೊಂದು ನೆನಪಾದವು. ಅವರು ನಿಧಾನಗತಿಯ ವಿಡಿಯೋ ನೋಡಿದ್ದರು, ನನ್ನ ಮನಸ್ಸಿನ ಧೈರ್ಯದ ಬಗ್ಗೆ ಗುಮಾನಿ ಪಟ್ಟಿದ್ದರು, ಧ್ಯಾನ ಮಾಡು ಎಂದಿದ್ದರು. ಇಲ್ಲಿಗೆ ಬಂದು ನೆಲ ಅಳೆದವರು ಯಾರೂ ಇಲ್ಲ. ನಾನೂ ಅಳೆದಿರಲಿಲ್ಲ. ಮನೆಯ ನೆಲವನ್ನು ಯಾರು ಅಳೆದು ನೋಡುತ್ತಾರೆ?

ಅಪ್ಪ ಮೊಪೆಡ್ಡಿನಿಂದ ಇಳಿಯುವ ಮೊದಲೇ ಹೇಳಿದೆ.

“ಸರ್ವಿಸ್ ಗೆರೆ ತಪ್ಪಿದೆ ಅಪ್ಪ. ಒಂದು ಗೇಣು ಆಚೆ ಇದೆ.”

“ಟೇಪು ಎಲ್ಲೀದು?”

“ಬೆಂಗಳೂರಲ್ಲಿ ತಗೊಂಡಿದ್ದು.”

“ಅದ್ಕೇ ಮತ್ತೆ.”

“ಅಡಿ ಅನ್ನೋದು ಎಲ್ಲ ಕಡೆ ಒಂದೇ ಅಪ್ಪ.”

“ಇದು ಕ್ಲಬ್ ಅಳ್ತೆ. ದೊರೆಗಳು ಆಡಿದ್ ಅಳ್ತೆ. ಅದೆಂಗ್ ತಪ್ಪಾಗ್ತದೆ?”

“ಬಂದು ನೋಡು.”

“ಪೋದುಂ ಪಾಪ,” ಎಂದ. ಸಾಕು ಎಂದು ಅರ್ಥ, ಮನೆಯಲ್ಲಿ ಸಿಟ್ಟು ಬಂದಾಗ ಮಾತ್ರ ಅವನು ತಮಿಳು ಬಳಸುತ್ತಾನೆ. “ನಾಳೆ ಕ್ಲಬ್ಬಿಗೇ ಓಗಿ ಅಳ್ದು ಬರೋಣ. ಆಮ್ಯಾಕೆ ಮಾತಾಡು.”

ಮರುದಿನ ಬಂಗಾರಪೇಟೆ ದಾಟಿ ಮೊಪೆಡ್ಡಿನಲ್ಲಿ ಕೆಜಿಎಫ್‌ಗೆ ಹೋದೆವು. ಆಂಡರ್ಸನ್‌ಪೇಟೆಯಲ್ಲಿ ಅಪ್ಪನಿಗೆ ಪರಿಚಯವಿಲ್ಲದ ಅಂಗಡಿಯಿಲ್ಲ. ಮೊದಲ ಟೀ ಅಂಗಡಿಯಲ್ಲೇ ತಮಿಳಿನಲ್ಲಿ ಪ್ರಶ್ನೆ ಬಂತು, ಏನು ಚಿನ್ನಪ್ಪ, ಮಗಳು ಗೆದ್ದಳಾ ಎಂದು. “ಅಡುತ್ತ ಮಾಸಂ,” ಎಂದ ಅಪ್ಪ. ಮುಂದಿನ ತಿಂಗಳು. ನಾನು ಆಟ ಶುರು ಮಾಡಿದಂದಿನಿಂದ ಆಂಡರ್ಸನ್‌ಪೇಟೆಗೆ ಅವನು ಕೊಡುತ್ತಿರುವ ಉತ್ತರ ಇದೊಂದೇ.

ನಂದಿದುರ್ಗದಲ್ಲಿ ಗಾಳಿ ಜೋರಾಗಿತ್ತು. ಕಾರ್ಮಿಕರ ಲೈನು ಮನೆಗಳ ಹಿಂದಿನ ಗಣಿ ಮಣ್ಣಿನ ಗುಡ್ಡದಿಂದ ಬಿಳಿ ಧೂಳು ಎದ್ದು ಬಾಯಿಗೆ ಬರುತ್ತಿತ್ತು. ಕ್ಲಬ್ಬಿನ ಗೇಟಿಗೆ ಬೀಗ. ಪಕ್ಕದ ಗೋಡೆ ಬಿದ್ದಿತ್ತು, ಅಲ್ಲಿಂದ ಒಳಗೆ ಹೋದೆವು. ಸಿಮೆಂಟಿನ ಕೋರ್ಟ್ ಬಿರಿದು, ನೆಟ್ ಇದ್ದ ಕಡೆ ಜಾಲಿ ಬೆಳೆದಿತ್ತು. ಆದರೆ ಗೆರೆಗಳು ಮಾಸಿಯೂ ಕಾಣುತ್ತಿದ್ದವು. ಅಪ್ಪ ಟೇಪಿನ ತುದಿಯನ್ನು ನೆಟ್ ಕಂಬದ ಗುಂಡಿಗೆ ನೇರವಾಗಿ ಹಿಡಿದ. ನಾನು ಗೆರೆಯವರೆಗೆ ಎಳೆದೆ. ಇಪ್ಪತ್ತೊಂದು ಅಡಿ.

“ಆ ಕಡೆ ಅಳೆ,” ಎಂದ.

ಅಲ್ಲೂ ಅಷ್ಟೇ.

ಅಪ್ಪ ಬಗ್ಗಿ ಗೆರೆಯನ್ನು ಬೆರಳಿನಲ್ಲಿ ಒರೆಸಿ ನೋಡಿದ. ಆಮೇಲೆ ಕ್ಲಬ್ಬಿನ ಮೆಟ್ಟಿಲ ಮೇಲೆ ಕೂತ. ಬೆರಳಿಗೆ ಹತ್ತಿದ ಬಿಳಿಯನ್ನು ಅಂಗಿಗೆ ಒರೆಸಿಕೊಂಡ.

“ಅಯ್ಯೋ. ಅದು ನಾನೇ ಬಿಟ್ಟಿದ್ದು.”

“ಏನು ಬಿಟ್ಟಿದ್ದು?”

“ನೀನಾಗ ಇಷ್ಟುದ್ದ ಇದ್ದೆ. ಸರ್ವಿಸ್ ಮಾಡಿದ್ರೆ ಎಲ್ಲಾ ಒರ್ಗೆ. ಬ್ಯಾಟ್ ಬಿಸಾಕ್ಬಿಟ್ಟು ಓಗಿ ಕೊಟ್ಟಿಗೇಲಿ ಅಸಿನ್ ಪಕ್ಕ ಕೂತ್ಕೊಂಬಿಡ್ತಿದ್ದೆ. ಊಟ ಬ್ಯಾಡ, ಮಾತು ಬ್ಯಾಡ. ನೋಡಕಾಗ್ಲಿಲ್ಲ. ನೀನ್ ಇಸ್ಕೂಲಿಗೋಗಿದ್ದಾಗ ಮೊಳೆ ಕಿತ್ತು ಒಂದ್ ಗೇಣು ಆಚೆ ಒಡ್ದೆ. ಸಾಯಂಕಾಲ ಎಲ್ಲಾ ಒಳ್ಗೆ ಬಿತ್ತು. ಎಂಗ್ ನಗಾಡ್ದೆ ಗೊತ್ತಾ ನೀನು?”

“ವಾಪಸ್ ಯಾಕೆ ಹೊಡೀಲಿಲ್ಲ?”

“ಒಡೀಬೇಕು ಅಂತ್ಲೇ ಇದ್ದೆ. ಅಷ್ಟ್ರಲ್ಲಿ ಸುಗ್ಗಿ ಬಂತು. ನಿಮ್ ದೊಡ್ಡಮ್ಮ ಸಗಣಿ ಸಾರ್ಸ್ಬಿಟ್ಲು.”

ಅಷ್ಟೇ. ಸಂಕ್ರಾಂತಿ ಕಳೆದ ಮೇಲೆ ಮೊಳೆ ಹುಡುಕಿದ, ಸಿಕ್ಕಿದ ಕಡೆ ಸುಣ್ಣ ಎಳೆದ. ಮರುವರ್ಷವೂ ಎಳೆದ. ಮೊಳೆ ಇದ್ದ ಮೇಲೆ ಜಾಗ ಸರಿ ಇರಲೇಬೇಕು.

“ಆ ಕೋಚು ಉದ್ದ ಉದ್ದ ಅಂತಾನೆ ಅಂತ ನೀನ್ ಅಂದಾಗೆಲ್ಲ,” ಎಂದ ಅಪ್ಪ, “ಆವಯ್ಯಂಗೆ ಕಣ್ ಕಾಣಲ್ಲ ಅನ್ಕಂಡಿದ್ದೆ.”

ಯಾರ ಮೇಲೆ ರೇಗಬೇಕೆಂದು ನನಗೆ ತಿಳಿಯಲಿಲ್ಲ. ಕೆಟ್ಟದ್ದು ಮಾಡಿದ್ದರೆ ಸುಲಭವಾಗಿತ್ತು. ವಾಪಸ್ ಬರುವಾಗ ಅಪ್ಪ ಆಂಡರ್ಸನ್‌ಪೇಟೆಯಲ್ಲಿ ಗಾಡಿ ನಿಲ್ಲಿಸಿ, ಬೇಕಾ ಎಂದೂ ಕೇಳದೆ ನನಗೆ ಬೆಣ್ಣೆ ಬನ್ನು ತಂದುಕೊಟ್ಟ. ಚಿಕ್ಕವಳು ಸೋತು ಬಂದಾಗ ಕೊಡಿಸುತ್ತಿದ್ದ ಬನ್ನು. ತಿಂದೆ. ಅಂಥ ಹೊತ್ತಿನಲ್ಲೂ ಹಸಿವಾಗುತ್ತದೆ ಎನ್ನುವುದು ಇನ್ನೊಂದು ಕಿರಿಕಿರಿ.

ಊರಿಗೆ ಬಂದ ಸಂಜೆಯೇ ನಾನು ಮೊಳೆ ಕಿತ್ತು ಸರಿಯಾದ ಕಡೆ ಹೊಡೆದೆ. ಆಡಿ ಬೆಳೆದ ಕಣದಲ್ಲಿ ಎಷ್ಟೋ ವರ್ಷಗಳ ಮೇಲೆ ನನ್ನ ಚೆಂಡು ಹೊರಗೆ ಬೀಳತೊಡಗಿತು. ಅಪ್ಪ ಮೆದೆಗೆ ಒರಗಿ ನೋಡುತ್ತಿದ್ದ, ಒಳಗೆ ಹೊರಗೆ ಎಂದು ಕೂಗುವುದನ್ನು ಬಿಟ್ಟಿದ್ದ. ಆದರೆ ದಿನ ಕಳೆದ ಹಾಗೆ ಒಂದು ಬದಲಾವಣೆಯಾಯಿತು. ತೋಳನ್ನು ತಿರುಚದೆ, ಹಳೆಯ ಹೊಡೆತವನ್ನೇ ಹೊಡೆದರೂ ಚೆಂಡು ಗೆರೆಯ ಈಚೆಗೆ ಬೀಳತೊಡಗಿತು. ನಾನು ಹಾಕಿದ್ದಲ್ಲ, ಕೈ ತಾನಾಗಿ ಕಲಿಯುತ್ತಿತ್ತು. ಭುಜ ನೋಯಲಿಲ್ಲ. ಇನ್ನಷ್ಟು ದಿನ ಹೀಗೇ ನಡೆದರೆ ಸಾಕು ಎಂದು ನಾನು ನಂಬತೊಡಗಿದ್ದೆ.

ಆಗ ಮದ್ರಾಸ್ ಕಡೆ ಸೈಕ್ಲೋನ್ ಎದ್ದಿತು. ದೊಡ್ಡಮ್ಮನ ಇನ್ನೊಂದು ಹೊಲದ ರಾಗಿ ಕೊಯ್ದು ನೆಲದಲ್ಲೇ ಇತ್ತು. ನೆನೆದರೆ ತೆನೆ ಮೊಳೆತುಹೋಗುತ್ತದೆ. ಗಟ್ಟಿ ನೆಲ, ಎತ್ತರದ ಜಾಗ ಎಂದರೆ ಕಣ ಮಾತ್ರ, ಅದರಲ್ಲಿ ಅರ್ಧ ಆಗಲೇ ತುಂಬಿತ್ತು. ದೊಡ್ಡಮ್ಮ ಅಪ್ಪನ ಹತ್ತಿರ ಹೋದಳು. “ಪಾಪನ್ನ ಕೇಳು,” ಎಂದುಬಿಟ್ಟ ಅಪ್ಪ. ನನ್ನ ಬದುಕಿನ ಎಲ್ಲ ಗೆರೆಗಳನ್ನೂ ತಾನೇ ಎಳೆದ ಮನುಷ್ಯ ಇದೊಂದನ್ನು ನನಗೆ ಬಿಟ್ಟ.

ದೊಡ್ಡಮ್ಮ ಕಣದ ಅಂಚಿಗೆ ಬಂದು, ಗೆರೆ ತುಳಿಯದೆ ನಿಂತಳು.

“ಮೋಡ ನೋಡ್ದೇನಮ್ಮ. ಈ ಅರ್ಧದಾಗೆ ಇಡ್ಸಲ್ಲ. ಏನ್ ಮಾಡ್ಲಿ, ನೀನೇ ಏಳು.”

ಅವಳು ಬೈದಿದ್ದರೆ ನಾನು ಇಲ್ಲ ಎನ್ನುತ್ತಿದ್ದೆ. ಕೇಳಿದಳು. ವರ್ಷವಿಡೀ ಎರಡು ಮನೆಯವರು ಉಣ್ಣುವ ರಾಗಿ ಅದು, ನಾನೂ ಉಣ್ಣುತ್ತಿದ್ದೆ.

“ತಗೊಂಡು ಬನ್ನಿ,” ಎಂದೆ.

ನೆಟ್ಟನ್ನು ನಾನೇ ಬಿಚ್ಚಿದೆ. ಮೊದಲ ಹನಿ ಬೀಳುವವರೆಗೆ ಎಲ್ಲರೂ ಕಂತೆ ಹೊತ್ತೆವು. ಅಪ್ಪ ಹಿಂದಿನಿಂದ “ಎಡಗೈಲಿ ಎತ್ತು, ಎಡಗೈಲಿ,” ಎಂದು ಕೂಗುತ್ತಲೇ ಇದ್ದ. ಎರಡನೆಯ ಮೆದೆ ಎದ್ದು ನಿಂತದ್ದು ಸರಿಯಾಗಿ ನಾನು ಹೊಸದಾಗಿ ಎಳೆದ ಗೆರೆಯ ಮೇಲೆ. ಟಾರ್ಪಾಲು ಹೊದಿಸಿದ ಮೇಲೆ ದೊಡ್ಡಮ್ಮ ನನ್ನ ಕೈಗೆ ಬಿಸಿ ಕಾಫಿ ಕೊಟ್ಟಳು. ಮರುದಿನ ಕ್ಲಬ್ ಕೋರ್ಟಿನ ಜಾಲಿ ಕಡಿದು ಕೊಡುತ್ತೇನೆಂದು ಅಪ್ಪ ಮಚ್ಚು ಹಿಡಿದು ನಂದಿದುರ್ಗಕ್ಕೆ ಹೋದ. ಈ ಸಲ ಕಾವಲಿನವನು ಇದ್ದ. ಮಚ್ಚು ಸಮೇತ ವಾಪಸ್ ಕಳಿಸಿದ.

ಹೀಗೆ, ಅರ್ಧ ಕಲಿತ ಕೈಯಲ್ಲಿ ಬೆಂಗಳೂರಿಗೆ ಹೋದೆ. ಮೊದಲ ಪಂದ್ಯ ಗೆದ್ದೆ. ಎರಡನೆಯದನ್ನೂ ಗೆದ್ದಿದ್ದರೆ ಮುಖ್ಯ ಸುತ್ತು. ಅದು ಕೊನೆಯ ಸೆಟ್ಟಿನ ಟೈಬ್ರೇಕಿಗೆ ಹೋಯಿತು. ಎದುರಾಳಿಗೆ ಗೆಲ್ಲಲು ಇನ್ನು ಒಂದೇ ಪಾಯಿಂಟ್ ಬೇಕಿತ್ತು, ನನ್ನದು ಎರಡನೆಯ ಸರ್ವ್. ಕೈ ಎತ್ತಿದಾಗಲೇ ಗೊತ್ತಾಯಿತು, ಅದು ಊರಿನ ಅಳತೆಗೆ ಹೊರಟಿತ್ತು. ಚೆಂಡು ಚೆನ್ನಾಗಿ ಹೋಯಿತು. ಚೆನ್ನಾಗಿಯೇ ಬಿತ್ತು. ಅಂಪೈರ್ ಬಾಯಿ ತೆರೆಯುವ ಮೊದಲೇ ತಂತಿ ಬೇಲಿಯ ಹಿಂದಿನಿಂದ ಅಪ್ಪನ ದನಿ ಕೇಳಿಸಿತು.

“ಒಳ್ಗೆ.”

ಎಲ್ಲರೂ ತಿರುಗಿ ನೋಡಿದರು. ಮಣ್ಣಿನ ಮೇಲೆ ಚೆಂಡಿನ ಗುರುತು ಇತ್ತು. ಅದನ್ನು ನಾನು ಹೋಗಿ ನೋಡಲಿಲ್ಲ. ಎಷ್ಟು ಆಚೆ ಎಂಬುದು ನನಗೆ ಗೊತ್ತಿತ್ತು. ಹೋಗಿ ಕೈ ಕುಲುಕಿದೆ.

ಬಂಗಾರಪೇಟೆಯ ರೈಲು ಮಾಲೂರು ದಾಟಿದಾಗ ಅಪ್ಪ ನನ್ನ ಕಡೆ ಬಾಗಿದ.

“ಗೆರೆ ಮ್ಯಾಲೇ ಬಿತ್ತು ಪಾಪ. ನಾನ್ ನೋಡ್ದೆ.”

“ಬೀಳಲಿಲ್ಲ ಅಪ್ಪ.”

“ನಮ್ ಗೆರೆ ಮ್ಯಾಲೆ ಬಿತ್ತು.”

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಆಮೇಲೆ ಯಾವ ಟೂರ್ನಿಯನ್ನೂ ಆಡಲಿಲ್ಲ.

ಈಗ ಆ ಕೋರ್ಟಿನಲ್ಲಿ ಸಂಜೆ ಹೊತ್ತು ಊರಿನ ನಾಲ್ಕಾರು ಹುಡುಗಿಯರು ಆಡುತ್ತಾರೆ, ಅಪ್ಪನೇ ಕಲಿಸುತ್ತಾನೆ. ಪ್ರತಿ ವರ್ಷ ಸಂಕ್ರಾಂತಿಯಾದ ಮೇಲೆ ನಾನು ಟೇಪ್ ಹಿಡಿದು ಮೊಳೆಯನ್ನು ಸರಿಯಾದ ಕಡೆ ಹೊಡೆದು ಬರುತ್ತೇನೆ. ಬೇಸಿಗೆ ರಜೆಗೆ ಹೋಗಿ ನೋಡಿದರೆ ಅದು ಒಂದು ಗೇಣು ಆಚೆ ಇರುತ್ತದೆ. “ಮಕ್ಳು ಅಳ್ತಾವೆ,” ಎನ್ನುತ್ತಾನೆ. ನನ್ನನ್ನು ನೋಡಿಯೂ ಬುದ್ಧಿ ಬರಲಿಲ್ಲವಾ ಎಂದು ಕೇಳಿದರೆ, ನಿನ್ನನ್ನು ನೋಡಿಯೇ ಎನ್ನುತ್ತಾನೆ. ನಾನು ಕಿತ್ತು ಹೊಡೆಯುತ್ತೇನೆ. ನನ್ನ ರಜೆ ಮುಗಿಯುವುದನ್ನೇ ಅವನು ಕಾಯುತ್ತಾನೆ.

ಬಸ್ಸು ಹೊರಟಿತು. ಪಕ್ಕದ ಹೆಂಗಸು ಎಣ್ಣೆ ಹಾಕುವವರ ಮನೆಯ ಗುರುತನ್ನು ಎರಡು ಸಲ ಹೇಳಿ ಇಳಿದಳು. ನಾನು ಊರು ತಲುಪುವಾಗ ಕಣ ಸಾರಿಸಿ ಮುಗಿದಿತ್ತು, ಒಂದು ಗೆರೆಯೂ ಕಾಣುತ್ತಿರಲಿಲ್ಲ. ದೊಡ್ಡಮ್ಮ ಅಂಚಿನಲ್ಲಿ ಕೂತು ಕೈ ತೊಳೆಯುತ್ತಿದ್ದಳು. ಅಪ್ಪ ಗುಂಡುಕಲ್ಲಿಗೆ ಹಗ್ಗ ಕಟ್ಟುತ್ತಿದ್ದ. ನನ್ನ ಚೀಲದ ಕಡೆ ನೋಡಿದ.

“ಟೇಪು ತಂದಿದೀಯಾ?”

“ತಂದಿದ್ದೀನಿ.”

“ಒಳ್ಗಿಡು. ಇನ್ನೂ ರಾಗಿ ಐತೆ.”